ಸೂಜಿ ಚುಚ್ಚಿದ ಮೊಲ ಹೇಳಿದ್ದೆಷ್ಟು?

1970ರ ದಶಕದ ಆರಂಭದಲ್ಲಿ ಪೀಕಿಂಗ್ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಮೊಲಕ್ಕೆ ಅಕ್ಯುಪಂಕ್ಚರ್ ಮಾಡಿದರು. ಬಿಸಿ ತಾಗಿಸಿದರೆ ಮೊದಲು ತಟ್ಟನೆ ತಲೆ ಕೊಡವುತ್ತಿದ್ದ ಮೊಲ ಈಗ ಹೆಚ್ಚು ಹೊತ್ತು ಸುಮ್ಮನಿರತೊಡಗಿತು. ಸಂಶೋಧಕರು ಅಷ್ಟಕ್ಕೇ ನಿಲ್ಲಲಿಲ್ಲ. ಆ ಮೊಲದ ಮೆದುಳಿನ ಕುಹರದಿಂದ ತುಸು ದ್ರವ ತೆಗೆದು ಸೂಜಿಯನ್ನೇ ಕಾಣದ ಇನ್ನೊಂದು ಮೊಲದ ಮೆದುಳಿಗೆ ಸೇರಿಸಿದರು. ಈ ಎರಡನೆಯ ಮೊಲವೂ ಬಿಸಿಯನ್ನು ಹೆಚ್ಚು ಹೊತ್ತು ತಡೆದುಕೊಂಡಿತು. ಸೂಜಿ ಚುಚ್ಚದ ಮೊಲದ ದ್ರವ ಕೊಟ್ಟು ನೋಡಿದಾಗ ಅಂಥ ಬದಲಾವಣೆ ಕಾಣಲಿಲ್ಲ. ಸೂಜಿ ಚುಚ್ಚಿದಾಗ ಮೆದುಳಿನಲ್ಲಿ ಯಾವುದೋ ರಾಸಾಯನಿಕ ಒಸರುತ್ತದೆ, ನೋವು ತಗ್ಗಿಸುವುದು ಅದೇ ಎಂಬುದಕ್ಕೆ ಇದು ಮೊದಲ ಗಟ್ಟಿ ಸುಳಿವು.

ಆ ತಂಡದ ಮುಂದಾಳು ಹಾನ್ ಜಿಶೆಂಗ್. ಶರೀರಕ್ರಿಯಾ ವಿಜ್ಞಾನಿಯಾದ ಅವರು 1965ರಲ್ಲಿ ಈ ಕೆಲಸಕ್ಕೆ ಇಳಿದಿದ್ದರು. ಮೊಲಗಳಿಗೆ ಮೊದಲು ಅವರು ಮನುಷ್ಯರ ಮೇಲೆಯೇ ಅಳತೆ ಮಾಡಿದ್ದರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಬಿಂದುವಿಗೆ ಸೂಜಿ ಚುಚ್ಚಿ ತಿರುಗಿಸುತ್ತಿದ್ದರೆ, ಸ್ವಯಂಸೇವಕರು ನೋವು ತಾಳುವ ಮಟ್ಟ ಅರ್ಧ ಗಂಟೆಯಲ್ಲಿ ನಿಧಾನವಾಗಿ ಏರುತ್ತಿತ್ತು. ಸೂಜಿ ತೆಗೆದ ಮೇಲೂ ತಕ್ಷಣ ಇಳಿಯುತ್ತಿರಲಿಲ್ಲ, ಅರ್ಧಕ್ಕೆ ಬರಲು ಸುಮಾರು 16 ನಿಮಿಷ ಹಿಡಿಯುತ್ತಿತ್ತು. ನರದ ಸಂಕೇತವೊಂದೇ ಕಾರಣವಾಗಿದ್ದರೆ ಪರಿಣಾಮ ಕ್ಷಣದಲ್ಲಿ ಬಂದು ಕ್ಷಣದಲ್ಲಿ ಹೋಗಬೇಕಿತ್ತು. ಈ ನಿಧಾನಗತಿಯೇ ಹಾನ್ ಅವರನ್ನು ಮೊಲದ ಮೆದುಳಿನ ದ್ರವದ ಕಡೆಗೆ ಕರೆದೊಯ್ದಿತು.

ಆ ರಾಸಾಯನಿಕ ಯಾವುದೆಂಬುದು ಬೇರೆ ದೇಶಗಳಲ್ಲಿ ಒಂದೊಂದಾಗಿ ಬಯಲಾಯಿತು. ಅಫೀಮು ಹೋಗಿ ಕೂರುವ ಗ್ರಾಹಕಗಳು ಮೆದುಳಿನಲ್ಲಿವೆ ಎಂದು 1973ರಲ್ಲಿ ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ತೋರಿಸಿದರು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜಾನ್ ಹ್ಯೂಸ್ ಮತ್ತು ಹ್ಯಾನ್ಸ್ ಕೋಸ್ಟರ್ಲಿಟ್ಜ್ ದೇಹವೇ ತಯಾರಿಸುವ ಅಫೀಮಿನಂಥ ವಸ್ತುವನ್ನು ಪತ್ತೆಮಾಡಿ ಎನ್‌ಕೆಫಲಿನ್ ಎಂದು ಕರೆದರು. ಮರುವರ್ಷ ಟೊರಾಂಟೊದ ಬ್ರೂಸ್ ಪೊಮೆರಾಂಜ್ ಸೂಜಿಯನ್ನೂ ದೇಹದ ಈ ಅಫೀಮನ್ನೂ ಜೋಡಿಸಿದರು. ಸೂಜಿ ಚುಚ್ಚಿ ಸಣ್ಣಗೆ ವಿದ್ಯುತ್ ಹಾಯಿಸಿದಾಗ ಇಲಿಮರಿಯಂಥ ಪುಟ್ಟ ಮೂಷಿಕಗಳು ಬಿಸಿಗೆ ಕೀರಲು ಹೆಚ್ಚು ಹೊತ್ತು ತೆಗೆದುಕೊಂಡವು. ಅಫೀಮಿನ ಪರಿಣಾಮವನ್ನು ತಡೆಯುವ ನ್ಯಾಲೊಕ್ಸೋನ್ ಔಷಧ ಕೊಟ್ಟ ಕೂಡಲೇ ಆ ಪ್ರಯೋಜನ ಮಾಯವಾಯಿತು. ಅಫೀಮು ಗ್ರಾಹಕಗಳ ಕೊರತೆಯೊಂದಿಗೇ ಹುಟ್ಟಿದ ಒಂದು ಮೂಷಿಕ ತಳಿಯ ಮೇಲೆ ಸೂಜಿ ಸರಿಯಾಗಿ ನಡೆಯಲಿಲ್ಲ ಎಂದೂ ಎರಡು ವರ್ಷದ ನಂತರ ಅವರು ವರದಿ ಮಾಡಿದರು.

ಇಲ್ಲಿಂದ ಹುಟ್ಟಿದ ಒಂದು ವಾದ ಅರ್ಧ ಶತಮಾನದಿಂದ ಓಡಾಡುತ್ತಿದೆ. ಬೆಂಗಳೂರಿನಂಥ ನಗರಗಳಲ್ಲಿ ಸಾಕುನಾಯಿಯ ಸೊಂಟನೋವಿಗೆ ಸೂಜಿ ಚಿಕಿತ್ಸೆ ಕೊಡುವ ಕ್ಲಿನಿಕ್‌ಗಳಲ್ಲೂ ಅದು ಕಿವಿಗೆ ಬೀಳುತ್ತದೆ. ಮನುಷ್ಯನಿಗಾದರೆ ನಂಬಿಕೆಯಿಂದಲೇ ವಾಸಿಯಾಗಬಹುದು, ನಾಯಿಗೆ ಎಲ್ಲಿಯ ನಂಬಿಕೆ? ಮೊಲ, ಕುದುರೆ, ನಾಯಿಗಳಿಗೆ ಗುಣ ಕಂಡಿದೆ ಎಂದಮೇಲೆ ಸೂಜಿ ನಿಜವಾಗಿ ಕೆಲಸ ಮಾಡುತ್ತದೆ ಎಂದೇ ಅರ್ಥವಲ್ಲವೆ? ಕೇಳಲು ತರ್ಕಬದ್ಧ ಮಾತು. ಆದರೆ ನೋವಿನ ಕುರಿತು ಇದೇ ಐವತ್ತು ವರ್ಷಗಳಲ್ಲಿ ನಡೆದ ಸಂಶೋಧನೆಯನ್ನು ಓದಿದವರು ಇದನ್ನು ಒಪ್ಪುವುದು ಕಷ್ಟ. ಹಾಗೆ ಒಪ್ಪಿಬಿಟ್ಟರೆ ನಷ್ಟವಾಗುವುದು ಪ್ರಾಣಿಗೆ.

ನೋವು ಸಾಗುವ ದಾರಿಯನ್ನು ಮೊದಲು ನೋಡಬೇಕು. ಚರ್ಮಕ್ಕೆ ಪೆಟ್ಟಾದಾಗ ಎರಡು ಬಗೆಯ ನರತಂತುಗಳು ಸುದ್ದಿ ಒಯ್ಯುತ್ತವೆ. ತೆಳುವಾದ ಹೊದಿಕೆಯಿರುವ ತಂತುಗಳದ್ದು ವೇಗದ ಓಟ, ಚುರುಕ್ಕೆನ್ನುವ ಮೊದಲ ನೋವು ಅವುಗಳದ್ದು. ಹೊದಿಕೆಯಿಲ್ಲದ ಸಣ್ಣ ತಂತುಗಳ ವೇಗ ಸೆಕೆಂಡಿಗೆ ಒಂದೆರಡು ಮೀಟರ್ ಮಾತ್ರ. ಹಿಂದಿನಿಂದ ಬಂದು ಗಂಟೆಗಟ್ಟಲೆ ಕಾಡುವ ನೋವು ಅವು ತಂದದ್ದು. ಎರಡೂ ಬೆನ್ನುಹುರಿಗೆ ಬಂದು ಅಲ್ಲಿಂದ ಮೆದುಳಿಗೆ ದಾಟುತ್ತವೆ. ಈ ಏರ್ಪಾಡು ಮನುಷ್ಯನಲ್ಲೂ ಎತ್ತಿನಲ್ಲೂ ಇಲಿಯಲ್ಲೂ ಹೆಚ್ಚುಕಡಿಮೆ ಒಂದೇ.

ಆದರೆ ದಾರಿ ಒಮ್ಮುಖವಲ್ಲ. ಬೆನ್ನುಹುರಿಯಲ್ಲೇ ನೋವಿಗೊಂದು ಬಾಗಿಲಿದೆ, ಉಜ್ಜಿದ ಸ್ಪರ್ಶದ ಸುದ್ದಿ ಬಂದರೆ ಅದು ಸ್ವಲ್ಪ ಮುಚ್ಚಿಕೊಳ್ಳುತ್ತದೆ ಎಂದು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಪ್ರತಿಪಾದಿಸಿದರು. ಕಾಲು ಎಡವಿದಾಗ ಬೆರಳನ್ನು ಉಜ್ಜಿಕೊಳ್ಳುವುದು ಅದಕ್ಕೇ. 1969ರಲ್ಲಿ ಡೇವಿಡ್ ರೆನಾಲ್ಡ್ಸ್ ಇಲಿಯ ನಡುಮೆದುಳಿನ ಒಂದು ಜಾಗಕ್ಕೆ ವಿದ್ಯುತ್ ಕೊಟ್ಟು, ಅರಿವಳಿಕೆ ಮದ್ದಿಲ್ಲದೆಯೇ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದರು. ಅಂದರೆ ನೋವನ್ನು ಮೇಲಿಂದ ಕೆಳಕ್ಕೆ ಅದುಮುವ ವ್ಯವಸ್ಥೆ ಮೆದುಳಿನಲ್ಲೇ ಇದೆ. ಆ ವ್ಯವಸ್ಥೆಯನ್ನು ಎಬ್ಬಿಸುವ ಸಂಗತಿಗಳು ಹಲವು. ಭಯ ಎಬ್ಬಿಸುತ್ತದೆ, ಗುಣವಾಗುತ್ತದೆಂಬ ನಿರೀಕ್ಷೆ ಎಬ್ಬಿಸುತ್ತದೆ, ದೇಹದ ಇನ್ನೊಂದು ಕಡೆ ಆದ ನೋವೂ ಎಬ್ಬಿಸುತ್ತದೆ. ಸೂಜಿಯೂ ಎಬ್ಬಿಸುತ್ತದೆ. ಹಾಗಾಗಿ ಪ್ರಾಣಿಗೆ ನೋವು ಕಡಿಮೆಯಾದದ್ದು ಕಂಡರೆ, ಎಬ್ಬಿಸಿದ್ದು ಇವುಗಳಲ್ಲಿ ಯಾವುದು ಎಂದು ಬಿಡಿಸಿ ನೋಡುವುದೇ ಸಂಶೋಧಕನ ನಿಜವಾದ ಕೆಲಸ.

ನ್ಯಾಲೊಕ್ಸೋನ್ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಅಕ್ಯುಪಂಕ್ಚರ್ ಪರ ವಾದಿಸುವವರಿಗೆ ಅದು ಮುಖ್ಯ ಆಧಾರ. ಆದರೆ 1978ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹಲ್ಲು ಕೀಳಿಸಿಕೊಂಡ ರೋಗಿಗಳ ಮೇಲೆ ಜಾನ್ ಲೆವಿನ್, ನ್ಯೂಟನ್ ಗಾರ್ಡನ್, ಹೊವಾರ್ಡ್ ಫೀಲ್ಡ್ಸ್ ನಡೆಸಿದ ಅಧ್ಯಯನದಲ್ಲಿ, ಮದ್ದೇ ಇಲ್ಲದ ಚುಚ್ಚುಮದ್ದಿನಿಂದ ಸಿಕ್ಕ ಉಪಶಮನವೂ ನ್ಯಾಲೊಕ್ಸೋನ್‌ನಿಂದ ಅಳಿಸಿಹೋಯಿತು. ಬರೀ ನಿರೀಕ್ಷೆಗೂ ಮೆದುಳು ತನ್ನ ಅಫೀಮನ್ನು ಬಿಡುಗಡೆ ಮಾಡುತ್ತದೆ ಎಂದಾಯಿತು. ಎಂಡಾರ್ಫಿನ್ ಎಂಬ ಈ ದೇಹದ ಅಫೀಮು ಸಿಕ್ಕಿತು ಎಂದಮಾತ್ರಕ್ಕೆ ಸೂಜಿಯ ವಿಶೇಷ ಶಕ್ತಿ ಸಾಬೀತಾಗುವುದಿಲ್ಲ.

ಕುದುರೆಯ ಉದಾಹರಣೆ ಇನ್ನೂ ಹತ್ತಿರದ್ದು. ಲಾಳ ಕಟ್ಟುವಾಗ, ಗಾಯಕ್ಕೆ ಹೊಲಿಗೆ ಹಾಕುವಾಗ ಹಟಮಾಡುವ ಕುದುರೆಯ ಮೇಲ್ದುಟಿಗೆ ಹಗ್ಗದ ಕುಣಿಕೆ ಹಾಕಿ, ಕೋಲಿನಿಂದ ಅದನ್ನು ತಿರುಚಿ ಬಿಗಿಮಾಡುವ ಪದ್ಧತಿ ಬಹಳ ಹಳೆಯದು. ಒಂದೆರಡು ನಿಮಿಷದಲ್ಲಿ ಕುದುರೆಯ ರೆಪ್ಪೆ ಜೋತುಬೀಳುತ್ತದೆ, ತಲೆ ತಗ್ಗುತ್ತದೆ, ನಿಂತಲ್ಲೇ ಮಂಕಾಗುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು 1984ರಲ್ಲಿ ಇದನ್ನು ಅಳೆದು ನೋಡಿದಾಗ ಕುದುರೆಯ ರಕ್ತದಲ್ಲಿ ಎಂಡಾರ್ಫಿನ್ ಏರಿತ್ತು, ನ್ಯಾಲೊಕ್ಸೋನ್ ಕೊಟ್ಟಾಗ ಕುಣಿಕೆಯ ಪರಿಣಾಮ ಕುಗ್ಗಿತು. ಇದು ಅಕ್ಯುಪಂಕ್ಚರಿನದೇ ಒಂದು ರೂಪ ಎಂದು ಅವರು ಬರೆದರು. 2017ರ ಅಧ್ಯಯನವೊಂದು ಇದಕ್ಕೆ ಒಂದು ಮಿತಿ ಹಾಕಿತು: ಮೊದಲ ಐದು ನಿಮಿಷ ಹೃದಯಬಡಿತ ಇಳಿಯುತ್ತದೆ, ಆಮೇಲೆ ಏರುತ್ತದೆ. ಅದೇ ಕುಣಿಕೆಯನ್ನು ಕಿವಿಗೆ ಹಾಕಿದರೆ ಆರಂಭದಿಂದಲೇ ಬರೀ ಹೆದರಿಕೆ. ಸುಮ್ಮನೆ ನಿಂತ ಕುದುರೆಯನ್ನು ಕಂಡು ನೋವಿಲ್ಲ ಎಂದುಕೊಳ್ಳುವುದು ಎಷ್ಟು ಅಪಾಯ ಎನ್ನುವುದು ಆ ಐದು ನಿಮಿಷದ ಗಡಿಯಲ್ಲಿ ಕಾಣುತ್ತದೆ.

ಪ್ರಯೋಗಾಲಯದ ಇಲಿಗಳ ಕತೆಯೂ ಇದೇ. ಎಚ್ಚರವಿರುವ ಇಲಿಗೆ ಸೂಜಿ ಚುಚ್ಚಿ ಅರ್ಧ ಗಂಟೆ ಇಡಬೇಕಾದರೆ ಅದನ್ನು ಕೊಳವೆಯಲ್ಲೋ ಚೀಲದಲ್ಲೋ ಅಲುಗಾಡದಂತೆ ಹಿಡಿದಿಡಬೇಕು. ಹಿಡಿದಿಡುವುದೇ ಇಲಿಗೆ ದೊಡ್ಡ ಒತ್ತಡ, ಒತ್ತಡವೇ ನೋವನ್ನು ಅದುಮುತ್ತದೆ. ಇದು ಎಷ್ಟು ಸೂಕ್ಷ್ಮ ಎಂಬುದನ್ನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಜೆಫ್ರಿ ಮೊಗಿಲ್ ಅವರ ತಂಡ 2014ರಲ್ಲಿ ತೋರಿಸಿತು. ಗಂಡಸು ಕೋಣೆಯಲ್ಲಿದ್ದರೆ ಮೂಷಿಕಗಳು ತೋರಿಸುವ ನೋವು ಕಡಿಮೆಯಾಗುತ್ತಿತ್ತು, ಹೆಂಗಸಿದ್ದರೆ ಇಲ್ಲ. ಗಂಡಸು ರಾತ್ರಿಯಿಡೀ ತೊಟ್ಟು ಮಲಗಿದ ಟೀ ಶರ್ಟನ್ನು ಹತ್ತಿರ ಇಟ್ಟರೂ ಅದೇ ಫಲ. ಆ ವಾಸನೆಯಿಂದ ಏರಿದ ಒತ್ತಡ ಮೂಷಿಕವನ್ನು ಹದಿನೈದು ನಿಮಿಷ ಕೊಳವೆಯಲ್ಲಿ ಬಂಧಿಸಿಟ್ಟಷ್ಟು ಇತ್ತು. ಬೆವರಿನ ವಾಸನೆಯೇ ನೋವಿನ ಅಳತೆಯನ್ನು ಬದಲಿಸಬಲ್ಲುದಾದರೆ, ಇಲಿಯನ್ನು ಅರ್ಧ ಗಂಟೆ ಕಟ್ಟಿಹಾಕಿದ ಪ್ರಯೋಗದಲ್ಲಿ ಸೂಜಿಯ ಪಾಲೆಷ್ಟು, ಕಟ್ಟಿನ ಪಾಲೆಷ್ಟು ಎಂದು ಕೇಳಲೇಬೇಕು. ಸೂಜಿಯಿಲ್ಲದೆ ಬರೀ ಹಿಡಿದಿಟ್ಟ ಇಲಿಗಳ ಗುಂಪನ್ನು ಜೊತೆಗಿಡದ ಪ್ರಯೋಗವನ್ನು ಪುರಾವೆಯೆಂದು ಎಣಿಸಬಾರದು.

ನಮ್ಮ ಹಳ್ಳಿಗಳಿಗೆ ನೇರವಾಗಿ ತಾಗುವ ಸಂಶೋಧನೆ ಇನ್ನೊಂದು. 1979ರಲ್ಲಿ ಪ್ಯಾರಿಸ್‌ನಲ್ಲಿ ಡೇನಿಯಲ್ ಲೆ ಬಾರ್ಸ್ ಮತ್ತು ಸಂಗಡಿಗರು ಇಲಿಯ ಬೆನ್ನುಹುರಿಯ ನರಕೋಶಗಳನ್ನು ಆಲಿಸುತ್ತ, ದೇಹದ ಒಂದು ಭಾಗಕ್ಕೆ ನೋವು ಕೊಟ್ಟರೆ ಇನ್ನೊಂದು ಭಾಗದ ನೋವಿನ ಸಂಕೇತ ಮಂಕಾಗುತ್ತದೆ ಎಂದು ಕಂಡುಕೊಂಡರು. ಕುಂಟುವ ಎತ್ತಿನ ಹೆಗಲಿಗೋ ಕಾಲಿಗೋ ಕಾದ ಕಬ್ಬಿಣದಿಂದ ಬರೆ ಹಾಕುವುದು ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ನಿಂತಿಲ್ಲ. ಬರೆ ಹಾಕಿದ ಮೇಲೆ ಎತ್ತು ಸ್ವಲ್ಪ ಹೊತ್ತು ನೆಟ್ಟಗೆ ಹೆಜ್ಜೆಯಿಟ್ಟಂತೆ ಕಂಡರೆ, ಹಳೆಯ ನೋವನ್ನು ಹೊಸ ನೋವು ಮುಚ್ಚಿದ್ದೂ ಕಾರಣವಾಗಿರಬಹುದು. ಕೀಲು ವಾಸಿಯಾಯಿತು ಎಂದುಕೊಂಡು ಮರುದಿನವೇ ನೊಗ ಹೂಡಿದರೆ ಎತ್ತಿಗೆ ಎರಡು ಗಾಯ. ಅಕ್ಯುಪಂಕ್ಚರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ. ಅದೇ ಪ್ಯಾರಿಸ್ ತಂಡ 1990ರಲ್ಲಿ ಇಲಿಗಳಿಗೆ ಹೆಸರಾಂತ ಬಿಂದುವಿನಲ್ಲೂ ಬಿಂದುವಲ್ಲದ ಜಾಗದಲ್ಲೂ ಸೂಜಿ ಚುಚ್ಚಿ ನೋಡಿತು. ನೋವಿನ ಸಂಕೇತ ಎರಡು ಕಡೆಯೂ ಒಂದೇ ತೆರನಾಗಿ ತಗ್ಗಿತು.

ಹಾಗಾದರೆ ಬಿಂದುಗಳ ನಕ್ಷೆಗೆ ಏನು ಬೆಲೆ? ಚೀನಾದಲ್ಲಿ ಕುದುರೆಗಳಿಗೆ ತಮ್ಮದೇ ಹಳೆಯ ಸೂಜಿ ಸಂಪ್ರದಾಯವಿತ್ತು ನಿಜ. ಆದರೆ ಇಂದು ನಾಯಿ, ಬೆಕ್ಕು, ಕುದುರೆಗಳ ಮೇಲೆ ಬರೆದಿರುವ, ಬಿಂದುಗಳನ್ನು ಜೋಡಿಸುವ ನಾಡಿರೇಖೆಗಳಲ್ಲಿ ಬಹುಪಾಲು ಮನುಷ್ಯನ ನಕ್ಷೆಯಿಂದ ಎತ್ತಿ ಕೂರಿಸಿದವು. ಕುದುರೆಗೆ ಪಿತ್ತಕೋಶವೇ ಇಲ್ಲ, ಇಲಿಗೂ ಇಲ್ಲ. ಆದರೂ ಕುದುರೆಯ ನಕ್ಷೆಯಲ್ಲಿ ಪಿತ್ತಕೋಶದ ರೇಖೆ ಇದೆ. ಹಳೆಯ ನಕ್ಷೆಯ ಮೇಲಿನ ಗೌರವ ಎಷ್ಟೇ ಇರಲಿ, ಪ್ರಾಣಿಯ ಅಂಗರಚನೆಗೆ ಹೊಂದದ ರೇಖೆಯನ್ನು ಪಾಠವಾಗಿ ಕಲಿಸುವುದು ಸಲ್ಲದು.

ಇಷ್ಟು ಹೇಳಿದ ಮೇಲೆ ಸೂಜಿಯ ಹಿಂದೆ ಏನೂ ಇಲ್ಲ ಎಂದು ತಳ್ಳಿಹಾಕಿದರೆ ಅದೂ ಅನ್ಯಾಯ. ಹಾನ್ ಅವರ ತಂಡವೇ ಮುಂದೆ ಇಲಿಗಳಲ್ಲಿ ಬಹಳ ಬೆಲೆಬಾಳುವ ವಿವರಗಳನ್ನು ಹೊರತಂದಿತು. ಸೂಜಿಯ ಮೂಲಕ ಸೆಕೆಂಡಿಗೆ 2 ಸಲ ವಿದ್ಯುತ್ ಮಿಡಿದರೆ ಮೆದುಳಿನಲ್ಲಿ ಎನ್‌ಕೆಫಲಿನ್ ಮತ್ತು ಎಂಡಾರ್ಫಿನ್, 100 ಸಲ ಮಿಡಿದರೆ ಬೆನ್ನುಹುರಿಯಲ್ಲಿ ಡೈನಾರ್ಫಿನ್ ಎಂಬ ಬೇರೆಯೇ ವಸ್ತು ಬಿಡುಗಡೆಯಾಗುತ್ತದೆ. ಕೆಲವು ಇಲಿಗಳು ಸೂಜಿಗೆ ಬಗ್ಗುವುದೇ ಇಲ್ಲ. ಅವುಗಳಲ್ಲಿ ಕೊಲೆಸಿಸ್ಟೊಕೈನಿನ್ ಎಂಬ ರಾಸಾಯನಿಕ ಅಫೀಮಿನ ಕೆಲಸಕ್ಕೆ ಅಡ್ಡಬರುತ್ತದೆ, ಅದನ್ನು ತಗ್ಗಿಸಿದರೆ ಅದೇ ಇಲಿಗಳು ಸೂಜಿಗೆ ಸ್ಪಂದಿಸತೊಡಗುತ್ತವೆ. ಬರೀ ಭ್ರಮೆಯಾಗಿದ್ದರೆ ಮಿಡಿತದ ಲೆಕ್ಕ ಬದಲಾದಂತೆ ರಾಸಾಯನಿಕ ಬದಲಾಗುತ್ತಿರಲಿಲ್ಲ.

2010ರಲ್ಲಿ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿ ಮೈಕೆನ್ ನೆಡರ್ಗಾರ್ಡ್ ಅವರ ತಂಡ ನೋಡಿದ್ದು ಮೆದುಳನ್ನಲ್ಲ, ಸೂಜಿ ಇಳಿದ ಸ್ನಾಯುವನ್ನೇ. ಮೂಷಿಕದ ಮೊಣಕಾಲ ಕೆಳಗೆ ಸೂಜಿ ಇಳಿಸಿ ಆಗಾಗ ತಿರುಗಿಸಿದಾಗ ಅಲ್ಲಿ ಅಡೆನೊಸಿನ್ ಎಂಬ ವಸ್ತು ಹಲವು ಪಟ್ಟು ಏರಿತು, ಅದು ಪಕ್ಕದ ನೋವಿನ ನರವನ್ನು ಮಂಕುಮಾಡಿತು. ಅಡೆನೊಸಿನ್ ಗ್ರಾಹಕವಿಲ್ಲದಂತೆ ಬೆಳೆಸಿದ ಮೂಷಿಕಗಳಿಗೆ ಪ್ರಯೋಜನ ಸಿಗಲಿಲ್ಲ. ಅಡೆನೊಸಿನ್ ಬೇಗ ಕರಗದಂತೆ ತಡೆಯುವ ಔಷಧ ಕೊಟ್ಟಾಗ ಉಪಶಮನ ಹೆಚ್ಚು ಹೊತ್ತು ಉಳಿಯಿತು. 2021ರಲ್ಲಿ ಚಿಯೂಫು ಮಾ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮೂಷಿಕದ ಹಿಂಗಾಲಿನ ಆಳದ ಪೊರೆಯಲ್ಲಿರುವ ಒಂದು ಜಾತಿಯ ನರಗಳು ಮಿದುವಾದ ವಿದ್ಯುತ್ತಿಗೆ ಎಚ್ಚೆತ್ತು ಉರಿಯೂತ ತಗ್ಗಿಸುತ್ತವೆ, ಹೊಟ್ಟೆಯ ಮೇಲಿನ ಬಿಂದುವಿನಲ್ಲಿ ಅಂಥ ನರಗಳಿಲ್ಲದ್ದರಿಂದ ಅಲ್ಲಿ ಅದು ನಡೆಯುವುದಿಲ್ಲ ಎಂದು ತೋರಿಸಿದರು. ಇದು ನೋವಿನ ಅಧ್ಯಯನವಲ್ಲ, ಉರಿಯೂತದ್ದು. ಆದರೂ ಚುಚ್ಚುವ ಜಾಗಕ್ಕೆ ಬೆಲೆಯಿದೆ, ಆ ಬೆಲೆ ಬರುವುದು ಅಲ್ಲಿರುವ ನರದಿಂದ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕೆಲಸ ವಿರಳ. ಅಕ್ಯುಪಂಕ್ಚರ್ ಬಿಂದುಗಳ ಮುಂದಿನ ನಕ್ಷೆಯನ್ನು ಇಂಥ ಪ್ರಯೋಗಾಲಯಗಳು ಬರೆಯಬೇಕು.

ಪ್ರಯೋಗಾಲಯದಿಂದ ಪಶುವೈದ್ಯರ ಕೊಟ್ಟಿಗೆಗೆ ಬಂದರೆ ಪುರಾವೆ ತೆಳುವಾಗುತ್ತದೆ. ಪಶುವೈದ್ಯದಲ್ಲಿ ಅಕ್ಯುಪಂಕ್ಚರ್ ಕುರಿತು ಅದುವರೆಗೆ ನಡೆದಿದ್ದ ಪರೀಕ್ಷೆಗಳನ್ನು 2006ರಲ್ಲಿ ಗೇಬ್ರಿಯೆಲ್ ಹಬಾಕರ್, ಮ್ಯಾಕ್ಸ್ ಪಿಟ್ಲರ್ ಮತ್ತು ಎಡ್ಜಾರ್ಡ್ ಅರ್ನ್ಸ್ಟ್ ಒಟ್ಟುಗೂಡಿಸಿ ಪರಿಶೀಲಿಸಿದರು. ಯಾವ ಕಾಯಿಲೆಗೂ ಇದನ್ನು ಶಿಫಾರಸು ಮಾಡಲಾಗಲಿ ತಿರಸ್ಕರಿಸಲಾಗಲಿ ಸಾಕಷ್ಟು ಆಧಾರವಿಲ್ಲ, ಚರ್ಮದ ನೋವು ಮತ್ತು ಭೇದಿಯ ವಿಷಯದಲ್ಲಿ ಮಾತ್ರ ಮುಂದಿನ ಪರೀಕ್ಷೆಗೆ ಯೋಗ್ಯವಾದ ಸೂಚನೆಗಳಿವೆ ಎಂಬುದು ಅವರ ತೀರ್ಮಾನ. ಮನುಷ್ಯರಲ್ಲೂ ಚಿತ್ರ ತೊಡಕಿನದೇ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಬೆನ್ನುನೋವಿದ್ದ 1162 ಮಂದಿಯನ್ನು ಮೂರು ಗುಂಪು ಮಾಡಿದ್ದರು. ಆರು ತಿಂಗಳ ನಂತರ ಸರಿಯಾದ ಬಿಂದುಗಳಿಗೆ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ 47.6, ಬಿಂದುವಲ್ಲದ ಕಡೆ ಮೇಲ್ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2, ಮಾಮೂಲಿ ಔಷಧ ಮತ್ತು ವ್ಯಾಯಾಮದವರಲ್ಲಿ ಶೇ 27.4 ಮಂದಿಗೆ ಗುಣ ಕಂಡಿತು.

ನಾಯಿಗೆ ನಂಬಿಕೆಯಿಲ್ಲದಿರಬಹುದು, ನಾಯಿಯನ್ನು ಸಾಕಿದವರಿಗೆ ಇದೆ. ಮಾತು ಬಾರದ ಪ್ರಾಣಿಯ ಪರವಾಗಿ ವರದಿ ಕೊಡುವವರು ಅವರೇ. ಅಮೆರಿಕದ ಮೈಕೆಲ್ ಕಾನ್ಜೀಮಿಯಸ್ ಮತ್ತು ರಿಚರ್ಡ್ ಇವಾನ್ಸ್ 2012ರಲ್ಲಿ ಇದನ್ನು ಲೆಕ್ಕಹಾಕಿದರು. ಕೀಲುನೋವಿನಿಂದ ಕುಂಟುತ್ತಿದ್ದ, ಹುಸಿ ಮಾತ್ರೆ ಮಾತ್ರ ನುಂಗುತ್ತಿದ್ದ ನಾಯಿಗಳು ಅವು. ನೆಲದ ಮೇಲೆ ಪಾದದ ಭಾರ ಅಳೆಯುವ ಯಂತ್ರ ಏನೂ ಸುಧಾರಿಸಿಲ್ಲ ಎನ್ನುತ್ತಿದ್ದಾಗಲೂ ಮಾಲೀಕರು ಸುಮಾರು ನೂರಕ್ಕೆ 57 ಸಲ, ಪಶುವೈದ್ಯರು ಸುಮಾರು 45 ಸಲ ಕುಂಟು ಕಡಿಮೆಯಾಗಿದೆ ಎಂದೋ ಹೆಚ್ಚಾಗಿಲ್ಲ ಎಂದೋ ಒಳ್ಳೆಯದನ್ನೇ ಕಂಡರು. ಇವರಾರೂ ಸುಳ್ಳು ಹೇಳಿದವರಲ್ಲ. ಪ್ರೀತಿಯಿಂದ ಸಾಕಿದ ನಾಯಿ ಚೇತರಿಸಿಕೊಳ್ಳಲಿ ಎಂದು ಹಂಬಲಿಸಿದವರು. ಆದರೆ ಆ ಹಂಬಲದ ನಡುವೆ ನಾಯಿಯ ಕೀಲು ನೋಯುತ್ತಲೇ ಇತ್ತು. ಪ್ರಾಣಿಗಳಲ್ಲಿ ಹುಸಿ ಪರಿಣಾಮ ಇರಲಾರದು ಎನ್ನುವ ವಾದ ಅಲ್ಲಿಗೆ ಮುಗಿಯಿತು.

ಮದ್ದಿಲ್ಲದೆ ನೋವು ಕಳೆಯುವ ವಿಧಾನಕ್ಕೆ ಭಾರತದಲ್ಲಿ ದೊಡ್ಡ ಕಾರಣವೇ ಇದೆ. ದನಕರುಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. 2004ರಲ್ಲಿ ಲಿಂಡ್ಸೆ ಓಕ್ಸ್ ಅವರ ತಂಡ ಇದನ್ನು ಪತ್ತೆಹಚ್ಚುವ ಹೊತ್ತಿಗೆ ಉಪಖಂಡದ ರಣಹದ್ದುಗಳು ಬಹುಪಾಲು ಅಳಿದಿದ್ದವು. 2006ರಲ್ಲಿ ಪಶುಗಳಿಗೆ ಆ ಔಷಧದ ಬಳಕೆ ನಿಷೇಧವಾಯಿತು, ಮೆಲಾಕ್ಸಿಕಾಮ್ ಅದರ ಜಾಗಕ್ಕೆ ಬಂತು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಿದಾಗ ಉಳಿದಿದ್ದವು ಕೆಲವೇ ಹಕ್ಕಿಗಳು. ಹೀಗಿರುವಾಗ ಹಾಲಿಗೂ ಮಾಂಸಕ್ಕೂ ಸೇರದ, ಹಕ್ಕಿಗೂ ತಟ್ಟದ ಚಿಕಿತ್ಸೆ ಕೈಗೆ ಬಂದರೆ ಅದಕ್ಕಿಂತ ಒಳ್ಳೆಯದೇನಿದೆ? ಅಷ್ಟು ಬೇಕಾದ ವಸ್ತುವನ್ನು ಅರೆಬರೆ ಪುರಾವೆಯ ಮೇಲೆ ಒಪ್ಪಿಕೊಳ್ಳಬಾರದು ಎನ್ನುವುದೂ ಅದೇ ಕಾರಣಕ್ಕೆ.

ಪರೀಕ್ಷೆ ಮಾಡುವ ಸಲಕರಣೆಗಳು ಈಗ ಇವೆ. ಮೊಗಿಲ್ ತಂಡವೇ 2010ರಲ್ಲಿ ಮೂಷಿಕದ ಮುಖಭಾವದಿಂದ ನೋವು ಅಳೆಯುವ ಮಾಪಕ ರೂಪಿಸಿತು: ಕಿರಿದಾದ ಕಣ್ಣು, ಉಬ್ಬಿದ ಮೂಗು ಮತ್ತು ಕೆನ್ನೆ, ಹಿಂದಕ್ಕೆ ಸರಿದ ಕಿವಿ, ಬಿಗಿದ ಮೀಸೆ. ಕುದುರೆ, ಕುರಿ, ಬೆಕ್ಕುಗಳಿಗೂ ಇಂಥ ಮಾಪಕಗಳು ಬಂದವು. ನಮಗೆ ಹೆಚ್ಚು ಉಪಯುಕ್ತವಾದದ್ದು ಬ್ರೆಜಿಲ್‌ನ ಬೊಟುಕಾಟುವಿನಲ್ಲಿ 2014ರಲ್ಲಿ ಸಿದ್ಧವಾದ ದನಗಳ ನೋವಿನ ಮಾಪಕ. ಬೀಜ ತೆಗೆಸಿಕೊಂಡ ಹೋರಿಗಳ ನಡಿಗೆ, ನಿಲುವು, ಮೇವಿನ ಮೇಲಿನ ಆಸೆ, ಗಾಯವನ್ನು ನೆಕ್ಕಿಕೊಳ್ಳುವ ರೀತಿ ಗಮನಿಸಿ ಅದು ಅಂಕ ಕೊಡುತ್ತದೆ. ಆ ಹೋರಿಗಳು ನೆಲೋರ್ ತಳಿಯವು, ಆಂಧ್ರದ ಒಂಗೋಲ್ ದನಗಳ ವಂಶ. ಅದನ್ನು ಹಳ್ಳಿಕಾರ್, ಖಿಲಾರಿ, ಅಮೃತಮಹಲ್ ರಾಸುಗಳ ಮೇಲೆ ಪರೀಕ್ಷಿಸಿ, ಕನ್ನಡದಲ್ಲಿ ಮುದ್ರಿಸಿ, ಪಶು ಆಸ್ಪತ್ರೆಗಳ ಗೋಡೆಗೆ ಅಂಟಿಸುವ ಕೆಲಸವನ್ನು ಹೆಬ್ಬಾಳ, ಬೀದರ್‌ನ ಪಶುವೈದ್ಯ ಕಾಲೇಜುಗಳು ಕೈಗೆತ್ತಿಕೊಳ್ಳಬಹುದು. ಸೂಜಿಯನ್ನು ಪರೀಕ್ಷಿಸುವುದಾದರೆ ಕುಂಟುವ ಎತ್ತುಗಳಲ್ಲಿ ಒಂದು ಗುಂಪಿಗೆ ಸರಿಯಾದ ಜಾಗದಲ್ಲಿ, ಇನ್ನೊಂದಕ್ಕೆ ಬೇರೆ ಜಾಗದಲ್ಲಿ ಚುಚ್ಚಬೇಕು, ಮೂರನೆಯದನ್ನು ಬರೀ ಹಿಡಿದು ನಿಲ್ಲಿಸಬೇಕು. ಅಂಕ ಹಾಕುವವರಿಗೆ ಯಾವ ಎತ್ತು ಯಾವ ಗುಂಪಿನದು ಎಂಬುದು ತಿಳಿದಿರಬಾರದು.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು ಇವಿಷ್ಟನ್ನೂ ನಿಗದಿತ ರೀತಿಯಲ್ಲಿ ಮಾಡಿದರೆ ಹಿಂಸೆಯೆಂದು ಪರಿಗಣಿಸುವುದಿಲ್ಲ. ಆದರೆ ಈ ನಾಲ್ಕೂ ನೋವಿನ ಕೆಲಸಗಳೇ. ಬೀಜ ಒಡೆಸುವ ಮೊದಲು ಲಿಗ್ನೊಕೇನ್ ಚುಚ್ಚಿ ಜಾಗ ಮರಗಟ್ಟುವವರೆಗೆ ಕಾಯುವುದು, ಆಮೇಲೆ ಮೆಲಾಕ್ಸಿಕಾಮ್ ಕೊಡುವುದು ಯಾವ ಹೊಸ ಸಂಶೋಧನೆಗೂ ಕಾಯಬೇಕಿಲ್ಲದ ಕೆಲಸ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಈ ಎರಡು ಔಷಧಗಳ ದಾಸ್ತಾನು ತಪ್ಪದಂತೆ ಪಶುಸಂಗೋಪನೆ ಇಲಾಖೆ ನೋಡಿಕೊಳ್ಳಲಿ, ರೈತರೂ ಅದನ್ನು ಕೇಳಿ ಪಡೆಯಲಿ. ಅಕ್ಯುಪಂಕ್ಚರ್ ಕಲಿತ ಪಶುವೈದ್ಯರು ಸೂಜಿಯನ್ನು ಇವುಗಳ ಜೊತೆಗೆ ಬಳಸಲಿ, ಇವುಗಳ ಬದಲಿಗೆ ಬಳಸದಿರಲಿ. ಪ್ರತಿ ಸಲವೂ ಮೊದಲಿನ ಮತ್ತು ನಂತರದ ನೋವಿನ ಅಂಕವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಲಿ.